ಮಿರ್ಝಾ ಗಾಲಿಬರ ಮನೆಯ ಲೆಕ್ಕ



ಮಿರ್ಝಾ ಗಾಲಿಬ್ ಎಂದೊಡನೆ ನಿಮಗೆ ನೆನಪಾಗುವುದು ಅವರ ಗಝಲುಗಳು. ಉರ್ದು ಲಿಪಿ ಓದಲು ಬಾರದ ಮನೆಗಳಲ್ಲಿಯೂ ಅವರ ಹೆಸರು ಗೊತ್ತು. ಇಂದು ಆ ಗಝಲುಗಳನ್ನು ಸ್ವಲ್ಪ ಬದಿಗಿಡೋಣ. ಅವರ ಮನೆಯ ಜಮಾಖರ್ಚಿನ ಪುಸ್ತಕವನ್ನು ಬಿಡಿಸಿ ನೋಡೋಣ. ಅವರು ನಿಜವಾಗಿಯೂ ಅಂತಹ ಪುಸ್ತಕ ಇಟ್ಟಿದ್ದರೆಂದಲ್ಲ. ಇಟ್ಟಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ಆದರೆ ತಮ್ಮ ಬಂಧುಗಳಿಗೂ ಶಿಷ್ಯರಿಗೂ ಬರೆದ ಪತ್ರಗಳಲ್ಲಿ ಅವರು ತಮ್ಮ ವರಮಾನ, ಬಡ್ಡಿ, ಅಸಲು, ಮಾಂಸದ ಖರ್ಚು, ಸೇವಕರ ಖರ್ಚು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಇಷ್ಟು ದೊಡ್ಡ ಮನುಷ್ಯರೊಬ್ಬರ ಸಾಲದ ಕಥೆ ಇಷ್ಟು ಸ್ಪಷ್ಟವಾಗಿ ನಮಗೆ ಸಿಗುವುದು ಅಪರೂಪ.

ಆಡೂರು, ಅಕ್ಕಿಆಲೂರು, ಹಾನಗಲ್ಲಿನ ಕಡೆಯ ನಮ್ಮ ಮನೆಗಳಿಗೆ ಈ ಕಥೆ ದೂರದ್ದಲ್ಲ. ಬಿತ್ತನೆಗೆಂದು ಒಂದು ಸಾಲ, ಮಗಳ ನಿಕಾಹ್‌ಗೆಂದು ಇನ್ನೊಂದು, ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಮತ್ತೊಂದು. ಸುಗ್ಗಿ ಬಂದಾಗ ಯಾರಿಗೆ ಮೊದಲು ಕೊಡುವುದೆಂದು ರಾತ್ರಿಯೆಲ್ಲ ಗಂಡ ಹೆಂಡತಿ ಲೆಕ್ಕ ಹಾಕುವುದು, ಒಬ್ಬರು ಕೈ ಬಿಗಿ ಹಿಡಿಯೋಣವೆಂದರೆ ಇನ್ನೊಬ್ಬರು ಒಪ್ಪದಿರುವುದು ಇವೆಲ್ಲ ನೀವು ಕಂಡದ್ದೇ. ದೆಹಲಿಯ ಬಲ್ಲಿಮಾರಾನ್ ಮೊಹಲ್ಲಾದ ಬಾಡಿಗೆ ಮನೆಯಲ್ಲಿಯೂ ಅದೇ ನಡೆಯುತ್ತಿತ್ತು. ಅಲ್ಲಿ ಒಪ್ಪದವರು ಗಂಡ.

ಮಿರ್ಝಾ ಅಸದುಲ್ಲಾ ಖಾನ್ ಗಾಲಿಬ್ 1797ರ ಡಿಸೆಂಬರ್ 27ರಂದು ಆಗ್ರಾದಲ್ಲಿ ಜನಿಸಿದರು. ತಂದೆ ಅಬ್ದುಲ್ಲಾ ಬೇಗ್ ಖಾನ್ ಸೈನಿಕ ವೃತ್ತಿಯವರು. ಮಗನಿಗೆ ಐದು ವರ್ಷವಿರುವಾಗಲೇ ಅಲ್ವರಿನ ರಾಜರ ಸೇವೆಯಲ್ಲಿ ಮಡಿದರು. ಪೋಷಣೆಯ ಹೊಣೆ ಹೊತ್ತ ಚಿಕ್ಕಪ್ಪ ನಸ್ರುಲ್ಲಾ ಬೇಗ್ ಖಾನ್ ಕೂಡಾ 1806ರಲ್ಲಿ ತೀರಿಕೊಂಡರು. ಯತೀಮ್ ಬಾಲಕ ತಾಯಿಯ ತವರಿನಲ್ಲಿ ಬೆಳೆದ. ಅದು ಸಿರಿವಂತರ ಮನೆ. ಹವೇಲಿಗಳು, ಆಳುಕಾಳುಗಳು, ಪತಂಗ, ಚದುರಂಗ. ದುಡಿದು ತಂದದ್ದನ್ನು ಎಣಿಸಿ ಖರ್ಚು ಮಾಡುವ ಹಿರಿಯರೊಬ್ಬರೂ ಎದುರಿಗಿರಲಿಲ್ಲ. ಮುಂದಿನ ಅರುವತ್ತು ವರ್ಷಗಳ ಕಷ್ಟದ ಬೀಜ ಇಲ್ಲಿಯೇ ಬಿತ್ತೆಂದು ನನ್ನ ಅನಿಸಿಕೆ.

ಚಿಕ್ಕಪ್ಪನ ಮರಣದ ನಂತರ ಬ್ರಿಟಿಷರು ಅವರ ಆಶ್ರಿತರಿಗೆ ಒಂದು ವ್ಯವಸ್ಥೆ ಮಾಡಿದರು. ಫಿರೋಝ್‌ಪುರ ಝಿರ್ಕಾ ಮತ್ತು ಲೋಹಾರುವಿನ ನವಾಬ ಅಹ್ಮದ್ ಬಕ್ಷ್ ಖಾನ್ ವರ್ಷಕ್ಕೆ 10,000 ರೂಪಾಯಿ ಕೊಡಬೇಕೆಂದು ಮೊದಲು ತೀರ್ಮಾನವಾಯಿತು. ಕೆಲವೇ ವಾರಗಳಲ್ಲಿ ಇನ್ನೊಂದು ಆದೇಶ ಪತ್ರ ಹೊರಟು ಅದು 5,000ಕ್ಕೆ ಇಳಿಯಿತು. ಅದರಲ್ಲಿ 2,000 ಖ್ವಾಜಾ ಹಾಜಿ ಎಂಬವರ ಪಾಲಾಯಿತು. ಹಂಚಿ ಹಂಚಿ ಕೊನೆಗೆ ಮಿರ್ಝಾರ ಪಾಲಿಗೆ ಬಂದದ್ದು ವರ್ಷಕ್ಕೆ 750 ರೂಪಾಯಿ, ಎಂದರೆ ತಿಂಗಳಿಗೆ 62 ರೂಪಾಯಿ 8 ಆಣೆ. ಈ ಸಂಖ್ಯೆಯನ್ನು ನೆನಪಿಡಿ. ಅವರ ಇಡೀ ಬದುಕು ಇದರ ಸುತ್ತಲೇ ತಿರುಗಿತು.

ಹಿಜರಿ 1225ರ ರಜಬ್ 7ರಂದು, ಕ್ರಿ.ಶ. 1810ರಲ್ಲಿ, ಅವರ ನಿಕಾಹ್ ಆಯಿತು. ವರನಿಗೆ ಹಿಜರಿ ಲೆಕ್ಕದಲ್ಲಿ 13 ವರ್ಷ, ವಧುವಿಗೆ 11. ವಧು ಉಮ್ರಾವ್ ಬೇಗಂ, ನವಾಬ ಅಹ್ಮದ್ ಬಕ್ಷ್ ಖಾನರ ತಮ್ಮ ಇಲಾಹಿ ಬಕ್ಷ್ ಖಾನರ ಮಗಳು. ಕೆಲವು ವರ್ಷಗಳಲ್ಲಿ ಮಿರ್ಝಾ ದೆಹಲಿಯಲ್ಲಿ ನೆಲೆಸಿದರು. ಅಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದರೂ ಸ್ವಂತ ಮನೆ ಕೊಳ್ಳಲಿಲ್ಲ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಗಿದರು. ಪುಸ್ತಕವನ್ನೂ ಕೊಳ್ಳುತ್ತಿರಲಿಲ್ಲ, ಬಾಡಿಗೆಗೆ ತಂದು ಓದಿ ಹಿಂತಿರುಗಿಸುತ್ತಿದ್ದರೆಂದು ಅವರ ಚರಿತ್ರೆ ಬರೆದ ಶಿಷ್ಯ ಮೌಲಾನಾ ಅಲ್ತಾಫ್ ಹುಸೈನ್ ಹಾಲಿ ತಿಳಿಸುತ್ತಾರೆ. ಇದು ಮಿತವ್ಯಯ ಎಂದು ನೀವು ಭಾವಿಸಬಹುದು. ಅಲ್ಲ, ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ, ಅಷ್ಟೆ.

ಉಮ್ರಾವ್ ಬೇಗಂ ನಮಾಝ್ ಮತ್ತು ರೋಝಾದಲ್ಲಿ ಕಟ್ಟುನಿಟ್ಟಿನ ಮಹಿಳೆ. ಗಂಡ ಮದ್ಯಪಾನಿ. ಆ ಕಾರಣಕ್ಕೆ ಆಕೆ ತನ್ನ ಊಟದ ಪಾತ್ರೆಗಳನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದರು. ಒಂದೇ ಸೂರಿನ ಕೆಳಗೆ ಎರಡು ರೀತಿಯ ಪಾತ್ರೆಗಳು! ಆದರೂ ಮಿರ್ಝಾ ದಿನಕ್ಕೊಮ್ಮೆಯಾದರೂ ಝನಾನಾಕ್ಕೆ ಹೋಗಿ ಹೆಂಡತಿಯ ಕ್ಷೇಮ ವಿಚಾರಿಸದೆ ಇರುತ್ತಿರಲಿಲ್ಲ. ತಮ್ಮ ವಿವಾಹವನ್ನು ಅವರು ಒಂದು ಪತ್ರದಲ್ಲಿ ಜೀವಾವಧಿ ಸೆರೆವಾಸಕ್ಕೂ, ಹೆಂಡತಿಯನ್ನು ಕಾಲಿನ ಬೇಡಿಗೂ ಹೋಲಿಸಿ ತಮಾಷೆ ಮಾಡಿದ್ದುಂಟು. ಆ ಚಟಾಕಿಗಳನ್ನು ಜನ ಇಂದಿಗೂ ಹೇಳಿ ನಗುತ್ತಾರೆ. ನಗುವ ಮೊದಲು ಆ ಮನೆಯೊಳಗೆ ಇಣುಕಿ ನೋಡಿ. ಆಕೆ ಏಳು ಮಕ್ಕಳನ್ನು ಹೆತ್ತರು. ಒಂದು ಮಗುವೂ ಹದಿನೈದು ತಿಂಗಳಿಗಿಂತ ಹೆಚ್ಚು ಬದುಕಲಿಲ್ಲ. ಏಳು ಸಲ ಜನಾಝಾ ಹೊರಟ ಆ ಮನೆಯ ಒಲೆಯನ್ನು ಆರದಂತೆ ನೋಡಿಕೊಂಡವರು ಆ ಬೇಗಂ. ನಗೆಮಾತಿನ ಪತ್ರ ಬರೆದವರು ಗಂಡ.

ಮಿರ್ಝಾ ಸಾಲಕ್ಕೆ ಬಿದ್ದ ರೀತಿಯನ್ನು ಸ್ವಲ್ಪ ಗಮನಿಸಿ. ಒಮ್ಮೆಲೇ ದೊಡ್ಡ ವಿಪತ್ತು ಬಂದು ಅವರು ಸಾಲಗಾರರಾದದ್ದಲ್ಲ. ಆರಂಭದ ವರ್ಷಗಳಲ್ಲಿ ಊಟದ ಖರ್ಚು ಸೋದರತ್ತೆಯದ್ದು. ನವಾಬರು ಆಗೊಮ್ಮೆ ಈಗೊಮ್ಮೆ ಏನಾದರೂ ಕೊಡುತ್ತಿದ್ದರು. ಅಲ್ವರಿನಿಂದ ಸ್ವಲ್ಪ ಬರುತ್ತಿತ್ತು. ಆಗ್ರಾದಿಂದ ತಾಯಿ ಕಳುಹಿಸುತ್ತಿದ್ದರು. ಸಾಲದಿದ್ದರೆ ಮಥುರಾ ದಾಸ್, ದರ್ಬಾರಿ ಮಲ್, ಖೂಬ್ ಚಂದ್ ಎಂಬ ಸಾಹುಕಾರರಿದ್ದರು. ಪ್ರತಿಯೊಬ್ಬರ ಕೈಯಲ್ಲಿಯೂ ಮಿರ್ಝಾರ ಮೊಹರು ಒತ್ತಿದ ಸಾಲಪತ್ರ. ಯಾರಿಗೂ ಬಡ್ಡಿಯಿಲ್ಲ, ಅಸಲಿಲ್ಲ. ಈ ಹೆಸರುಗಳನ್ನು ನಾನು ಕಲ್ಪಿಸಿದ್ದಲ್ಲ, ಮುದಿವಯಸ್ಸಿನಲ್ಲಿ ಮಿರ್ಝಾ ತಾವೇ ಬರೆದಿಟ್ಟದ್ದು. ಹೀಗೆ ಬೇರೆ ಬೇರೆ ಕೈಗಳಿಂದ ಬರುತ್ತಿದ್ದ ಹಣ ಅವರಿಗೆ ಸ್ವಂತ ವರಮಾನದಂತೆಯೇ ಕಂಡಿತು. ಕೊಡುವ ಕೈಗಳು ಒಂದೊಂದಾಗಿ ಹಿಂದೆ ಸರಿದಾಗ ಖರ್ಚು ಮಾತ್ರ ಅಲ್ಲಿಯೇ ನಿಂತಿತ್ತು.

ಅದನ್ನು ಇಳಿಸುವ ಬದಲು ಅವರು ವರಮಾನ ಏರಿಸಲು ಹೊರಟರು. ತಮಗೆ ಬರಬೇಕಾದ ಪೂರ್ಣ ಪಿಂಚಣಿ ಸಿಕ್ಕಿಲ್ಲ, ಆ ಎರಡನೆಯ ಆದೇಶ ಪತ್ರ ನಂಬತಕ್ಕದ್ದಲ್ಲ, ಇದು ಅವರ ವಾದ. ನ್ಯಾಯ ಕೇಳಲು ಗವರ್ನರ್ ಜನರಲರ ಕಲ್ಕತ್ತಾಕ್ಕೇ ಹೊರಟರು. ಲಕ್ನೋ, ಬಾಂದಾ, ಬನಾರಸ್ ದಾಟಿ 1828ರ ಫೆಬ್ರವರಿಯಲ್ಲಿ ಅಲ್ಲಿಗೆ ತಲುಪಿದರು. 1829ರ ನವೆಂಬರಿನಲ್ಲಿ ದೆಹಲಿಗೆ ಮರಳಿದರು. 1831ರಲ್ಲಿ ಅರ್ಜಿ ತಿರಸ್ಕೃತವಾಯಿತು. ಮತ್ತೆ ಮೇಲ್ಮನವಿ, ಮತ್ತೆ ಕಾಯುವುದು. ಕಾಯುವ ಪ್ರತಿ ವರ್ಷವೂ ಬಡ್ಡಿ ಬೆಳೆಯುತ್ತಿತ್ತು. ಕೋರ್ಟಿನಲ್ಲಿ ಗೆದ್ದರೆ ಎಲ್ಲ ತೀರಿಸಿಬಿಡುತ್ತೇನೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಹೊಲದ ವ್ಯಾಜ್ಯಕ್ಕೆ ಹೊಲವನ್ನೇ ಅಡವಿಟ್ಟವರು ನಮ್ಮ ಸೀಮೆಯಲ್ಲಿ ಕಡಿಮೆಯೇ?

1830ರ ದಶಕದ ನಡುವೆ ಒಬ್ಬ ಸಾಲಗಾರನಿಗೆ 5,000 ರೂಪಾಯಿ ಕೊಡಬೇಕೆಂದು ಅವರ ಮೇಲೆ ನ್ಯಾಯಾಲಯದ ಡಿಕ್ರಿಯಾಯಿತು. ಕೊಡಲು ಹಣವಿಲ್ಲ, ಕೊಡದಿದ್ದರೆ ಸೆರೆಮನೆ. ಆದರೆ ಆ ಕಾಲದಲ್ಲಿ ಗೌರವಸ್ಥರನ್ನು ಅವರ ಮನೆಯೊಳಗೆ ಹೊಕ್ಕು ಹಿಡಿಯುವ ರೂಢಿ ಇರಲಿಲ್ಲ. ಆದ್ದರಿಂದ ದೆಹಲಿಯ ಮಹಾಕವಿ ಹಗಲಿನಲ್ಲಿ ಮನೆಯಿಂದ ಹೊರಬೀಳುವುದನ್ನೇ ನಿಲ್ಲಿಸಿದರು. ಬಿಸಿಲು ಇಳಿದ ಮೇಲೆ ಮಾತ್ರ ಗಲ್ಲಿಗೆ ಬಂದು ಗಾಳಿ ತೆಗೆದುಕೊಳ್ಳುವುದು! ಪ್ರವಾದಿ ಮುಹಮ್ಮದ್(ಸ)ರು ತಮ್ಮ ನಮಾಝ್‌ಗಳಲ್ಲಿ ಪಾಪದಿಂದ ಅಭಯ ಯಾಚಿಸುವಾಗ ಸಾಲದಿಂದಲೂ ಅಭಯ ಯಾಚಿಸುತ್ತಿದ್ದರು. ಸಾಲಗಾರನು ಮಾತಾಡುವಾಗ ಸುಳ್ಳಾಡುತ್ತಾನೆ, ವಾಗ್ದಾನ ಮಾಡಿ ಮುರಿಯುತ್ತಾನೆ ಎಂಬುದು ಅವರು ಕೊಟ್ಟ ಕಾರಣ. ಸ್ವಾಭಿಮಾನಿಯೊಬ್ಬ ಸೂರ್ಯನಿಗೆ ಮುಖ ತೋರಿಸಲಾಗದೆ ಕುಳಿತ ಆ ದಿನಗಳನ್ನು ನೆನೆದಾಗ ಆ ದುಆದ ಆಳ ನಮಗೆ ತಿಳಿಯುತ್ತದೆ.

ದುಡಿಮೆಯ ಒಂದು ಬಾಗಿಲು ತೆರೆದೂ ಇತ್ತು. 1840ರ ಸುಮಾರಿಗೆ ದೆಹಲಿ ಕಾಲೇಜಿನ ಪಾರ್ಸಿ ಅಧ್ಯಾಪಕರ ಹುದ್ದೆಗೆ ಅವರಿಗೆ ಕರೆ ಬಂತು. ಸಂಬಳ ತಿಂಗಳಿಗೆ 100 ರೂಪಾಯಿ. ಪಲ್ಲಕ್ಕಿಯಲ್ಲಿ ಹೋದರು, ಆದರೆ ಇಂಗ್ಲಿಷ್ ಅಧಿಕಾರಿ ಬಾಗಿಲಿಗೆ ಬಂದು ಎದುರುಗೊಳ್ಳಲಿಲ್ಲವೆಂದು ಅದೇ ಪಲ್ಲಕ್ಕಿಯಲ್ಲಿ ಹಿಂದಿರುಗಿದರು. ಸರಕಾರಿ ನೌಕರಿಯಿಂದ ತಮ್ಮ ಗೌರವ ಹೆಚ್ಚಬೇಕೇ ಹೊರತು ಕುಂದಬಾರದೆಂಬುದು ಅವರ ನಿಲುವು. ಈ ಪ್ರಸಂಗವನ್ನು ಅನೇಕರು ಅಭಿಮಾನದಿಂದ ಹೇಳುತ್ತಾರೆ. ಅಂದು ಸಂಜೆ ಮನೆಯಲ್ಲಿ ಹಿಟ್ಟು, ತುಪ್ಪದ ಲೆಕ್ಕ ನೋಡುತ್ತಿದ್ದ ಬೇಗಂಗೆ ಏನನಿಸಿತೆಂದು ಯಾರೂ ಕೇಳುವುದಿಲ್ಲ. ನನಗೆ ಅಭಿಮಾನಕ್ಕಿಂತ ಆ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

1847ರ ಜೂಜಿನ ಪ್ರಕರಣವನ್ನು ಇಲ್ಲಿ ಉದ್ದ ಮಾಡಬೇಕಾಗಿಲ್ಲ. ಮನೆಯಲ್ಲಿ ಜೂಜಾಡಿಸಿದ ಆರೋಪದಲ್ಲಿ ಬಂಧಿತರಾಗಿ, ಆರು ತಿಂಗಳ ಶಿಕ್ಷೆ ಮತ್ತು 200 ರೂಪಾಯಿ ದಂಡಕ್ಕೆ ಗುರಿಯಾಗಿ, ಮೂರು ತಿಂಗಳಲ್ಲಿ ಬಿಡುಗಡೆಯಾದರು. ಹಲವು ಬಂಧುಗಳು ಆಗ ಮುಖ ತಿರುಗಿಸಿದರು.

1850ರಲ್ಲಿ ಬಾದಶಹಾ ಬಹಾದುರ್ ಶಾ ಝಫರ್ ತೈಮೂರ್ ವಂಶದ ಚರಿತ್ರೆ ಬರೆಯುವ ಕೆಲಸ ಕೊಟ್ಟು ತಿಂಗಳಿಗೆ 50 ರೂಪಾಯಿ ನಿಗದಿ ಮಾಡಿದರು. ಆದರೆ ಹಣ ಕೈಗೆ ಬರುತ್ತಿದ್ದುದು ಆರು ತಿಂಗಳಿಗೊಮ್ಮೆ. ಊಟ ದಿನಾ ಬೇಕು, ಸಂಬಳ ಅರ್ಧ ವರ್ಷಕ್ಕೆ! ನಡುವಿನ ತಿಂಗಳುಗಳಿಗೆ ಸಾಹುಕಾರನೇ ಗತಿ. ತಮ್ಮ ಸಂಬಳದ ಮೂರನೆಯ ಒಂದು ಪಾಲಿಗೆ ಸಾಹುಕಾರ ಭಾಗಸ್ಥನಾಗಿಬಿಟ್ಟಿದ್ದಾನೆ, ತಿಂಗಳು ತಿಂಗಳಿಗೆ ಕೊಡಿಸಬೇಕು ಎಂದು ಅವರು ಬಾದಶಹಾರಿಗೆ ಪದ್ಯದಲ್ಲಿಯೇ ಅರ್ಜಿ ಬರೆದರು. ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ವರ್ಷಕ್ಕೆ 600 ರೂಪಾಯಿ ಸಂಬಳದ ಒಬ್ಬರಿಗೆ, ಅದು ತಡವಾಗಿ ಬರುವುದರಿಂದಲೇ 200 ರೂಪಾಯಿ ನಷ್ಟ. ಭತ್ತ ಮಾರಿದಾಗ ಒಮ್ಮೆ, ಹತ್ತಿ ಮಾರಿದಾಗ ಒಮ್ಮೆ ಹಣ ಕಾಣುವ ರೈತನ ಕಷ್ಟವೂ ಇದೇ ಅಲ್ಲವೇ? ಅಂಗಡಿಯವನ ಉದ್ರಿಯಲ್ಲಿ ಬಡ್ಡಿ ಎಂಬ ಹೆಸರಿರುವುದಿಲ್ಲ, ಆದರೆ ನಗದಿನ ದರ ಒಂದು, ಉದ್ರಿಯ ದರ ಇನ್ನೊಂದು ಇರುತ್ತದೆ.

ಈ ವರ್ಷಗಳಲ್ಲಿ ಮನೆಯ ಹೊರೆ ಹೆಚ್ಚಿತೂ ಕೂಡಾ. ಬೇಗಂರ ಅಕ್ಕನ ಮಗ ಝೈನುಲ್ ಆಬಿದೀನ್ ಖಾನ್ ಆರಿಫ್‌ನನ್ನು ಮಿರ್ಝಾ ಮಗನಂತೆ ಪ್ರೀತಿಸಿದ್ದರು. 1852ರಲ್ಲಿ ಆತ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ. ಅವನ ಇಬ್ಬರು ಗಂಡು ಮಕ್ಕಳಾದ ಬಾಕರ್ ಅಲಿ ಮತ್ತು ಹುಸೈನ್ ಅಲಿ ಇವರ ಮಡಿಲಿಗೆ ಬಂದರು. ಸಾಲದ ಮನೆಗೆ ಇನ್ನೆರಡು ಬಾಯಿಗಳು ಬೇಡವೆಂದು ಗಂಡನೂ ಹೇಳಲಿಲ್ಲ, ಹೆಂಡತಿಯೂ ಹೇಳಲಿಲ್ಲ. ಪಾತ್ರೆ ಬೇರೆಯಾಗಿದ್ದ ಆ ದಂಪತಿ ಈ ವಿಷಯದಲ್ಲಿ ಒಂದೇ ಮನಸ್ಸಿನವರಾಗಿದ್ದರು.

ನಂತರ 1857 ಬಂತು. ದಂಗೆಯ ದಿನಗಳಲ್ಲಿ ಬೇಗಂ ತಮ್ಮ ಒಡವೆ ಮತ್ತು ಬೆಲೆಬಾಳುವ ವಸ್ತುಗಳನ್ನು ಕಾಲೆ ಸಾಹೇಬ್ ಎಂಬ ಗೌರವಾನ್ವಿತ ಪೀರರ ಮನೆಯ ನೆಲಮಾಳಿಗೆಗೆ ಗುಟ್ಟಾಗಿ ಕಳುಹಿಸಿದರು. ಗಂಡನಿಗೆ ತಿಳಿಸಲಿಲ್ಲ. ಏಕೆ ತಿಳಿಸಲಿಲ್ಲವೆಂದು ನಾನು ವಿವರಿಸಬೇಕಾಗಿಲ್ಲ; ಸಾಲದ ಮನೆಯ ಪ್ರತಿಯೊಬ್ಬ ಗೃಹಿಣಿಗೂ ಅದು ಗೊತ್ತು. ಅಕ್ಕಿ ಡಬ್ಬಿಯ ತಳದಲ್ಲಿ, ಸೀರೆಯ ಮಡಿಕೆಯಲ್ಲಿ ನಾಲ್ಕು ಕಾಸು ಅಡಗಿಸಿಡುವುದು ಗಂಡನ ಮೇಲಿನ ದ್ವೇಷದಿಂದಲ್ಲ. ಆದರೆ ಇಂಗ್ಲಿಷ್ ಸೈನ್ಯ ದೆಹಲಿ ಹೊಕ್ಕಾಗ ಆ ನೆಲಮಾಳಿಗೆಯನ್ನೇ ಅಗೆದು ಸೂರೆ ಮಾಡಿತು. ಎಲ್ಲ ಮುಗಿದ ನಂತರ ಆಕೆ ಗಂಡನಿಗೆ ವಿಷಯ ತಿಳಿಸಿದರು. ಗಂಡನಿಗೆ ಹೇಳದೆ ಉಳಿಸಿದ್ದು ಗಂಡನಿಗೆ ತಿಳಿಯುವ ಮೊದಲೇ ಹೋಯಿತು.

ಪಿಂಚಣಿ ನಿಂತಿತು. ಕೋಟೆಯ ಸಂಬಳ ಕೋಟೆಯೊಂದಿಗೆ ಹೋಯಿತು. ಬುದ್ಧಿಭ್ರಮಣೆಗೊಳಗಾಗಿದ್ದ ತಮ್ಮ ಮಿರ್ಝಾ ಯೂಸುಫ್ ಅದೇ ಅಕ್ಟೋಬರಿನಲ್ಲಿ ಮರಣ ಹೊಂದಿದರು. ಮನೆಯಲ್ಲಿದ್ದ ಬಟ್ಟೆಬರೆ, ಹಾಸಿಗೆ ಹೊದಿಕೆಗಳನ್ನು ಒಂದೊಂದಾಗಿ ಮಾರಿ ಊಟ ನಡೆಯಿತು. ಸಿಕಂದರಾಬಾದಿನ ಶಿಷ್ಯ ಹರಗೋಪಾಲ್ ತಫ್ತಾ ಹಣ ಕಳುಹಿಸಿ ನೆರವಾದರು. 1859ರ ಜುಲೈಯಿಂದ ರಾಂಪುರದ ನವಾಬ ಯೂಸುಫ್ ಅಲಿ ಖಾನ್ ತಿಂಗಳಿಗೆ 100 ರೂಪಾಯಿ ಕಳುಹಿಸತೊಡಗಿದರು. ಅಂತೂ ಜೀವ ಉಳಿಯಿತು.

1860ರ ಮೇ ತಿಂಗಳಲ್ಲಿ ಪಿಂಚಣಿ ಮತ್ತೆ ಆರಂಭವಾಗಿ ಮೂರು ವರ್ಷಗಳ ಬಾಕಿ ಒಟ್ಟಿಗೆ ಬಂತು. ವರ್ಷಕ್ಕೆ 750ರಂತೆ 2,250 ರೂಪಾಯಿ. ಸಾಲಗಾರನೊಬ್ಬನಿಗೆ ಒಟ್ಟಿಗೆ ಹಣ ಬಂದಾಗ ಏನಾಗುತ್ತದೆಂದು ತಿಳಿಯಬೇಕಾದರೆ ಈ ಲೆಕ್ಕವನ್ನು ಬೆರಳು ಮಡಿಚಿ ಎಣಿಸುತ್ತಾ ಓದಿ. ಮೊದಲೇ ಖರ್ಚಿಗೆಂದು ಕೊಟ್ಟಿದ್ದ 100 ಕಡಿತ. ಕಚೇರಿಯ ಸಿಬ್ಬಂದಿಗೆ 150. ಉಳಿದದ್ದು 2,000. ಈ ಹಣವನ್ನು ಖಜಾನೆಯಿಂದ ತಂದವನು ಮಿರ್ಝಾರ ಮುಖ್ತಾರ. ಅವನೊಬ್ಬ ಬನಿಯಾ, ಮಿರ್ಝಾ ಅವನ ಹಳೆಯ ಸಾಲಗಾರ. ಹಣ ನೇರವಾಗಿ ಅವನ ಮನೆಗೇ ಹೋಯಿತು. ಲೆಕ್ಕ ನೋಡಿದರೆ ಅಸಲು ಬಡ್ಡಿ ಸೇರಿ ಅವನಿಗೆ 1,500ಕ್ಕೆ 7 ಕಡಿಮೆ. ಇತರರ ಚಿಲ್ಲರೆ ಸಾಲಗಳು 1,100ಕ್ಕೂ ಮಿಗಿಲು. ಒಟ್ಟು ಸುಮಾರು 2,600. ಕೈಯಲ್ಲಿ 2,000. ಮೂರು ವರ್ಷ ಕಾದು ಪಡೆದ ಹಣವನ್ನು ಸಂಪೂರ್ಣ ಕೊಟ್ಟರೂ 600 ಕಡಿಮೆ! ತನ್ನ ಹಣ ಕೊಟ್ಟು ಉಳಿದ 507 ನೀವು ಇಟ್ಟುಕೊಳ್ಳಿ ಎಂಬುದು ಮುಖ್ತಾರನ ವಾದ. ಮೊದಲು ಚಿಲ್ಲರೆ ಸಾಲ 1,100 ತೀರಿಸೋಣ, ಉಳಿದ 900ರಲ್ಲಿ ಅರ್ಧ ನಿನಗೆ, ಅರ್ಧ ನನಗೆ ಎಂಬುದು ಮಿರ್ಝಾರ ವಾದ. ಇದನ್ನು ಅವರು ಶಿಷ್ಯ ಮೀರ್ ಮೆಹ್ದಿಗೆ ವಿನೋದವಾಗಿಯೇ ಬರೆದಿದ್ದಾರೆ. ವಿನೋದದ ಕೆಳಗಿನ ವಿಷಯ ವಿನೋದದ್ದಲ್ಲ. ವರಮಾನವನ್ನು ತರುವ ಕೈ ಮತ್ತು ಸಾಲ ಕೊಟ್ಟ ಕೈ ಒಂದೇ ಆದಾಗ ಮನೆಯವರ ಕೈಗೆ ಏನು ತಲುಪೀತು? ಬೆಳೆಗೆ ಮುಂಗಡ ಕೊಟ್ಟ ದಲಾಲನಿಗೇ ಬೆಳೆ ಹಾಕಿ, ಪಟ್ಟಿ ಕೈಗೆ ತೆಗೆದುಕೊಂಡು ಬರಿಗೈಯಲ್ಲಿ ಮನೆಗೆ ಬಂದ ಯಾವ ರೈತನನ್ನಾದರೂ ಕೇಳಿ.

ಇದಾದ ಕೆಲವು ವರ್ಷಗಳಲ್ಲಿ ನಡೆದ ಒಂದು ಸಂಗತಿಗಾಗಿಯೇ ನಾನು ಈ ಚರಿತ್ರೆಯನ್ನು ನಿಮ್ಮ ಮುಂದಿಡಲು ಬಯಸಿದ್ದು. ಆಗ ಅವರ ಒಟ್ಟು ವರಮಾನ ಪಿಂಚಣಿ 62 ರೂಪಾಯಿ 8 ಆಣೆ, ರಾಂಪುರದ 100, ಒಟ್ಟು 162 ರೂಪಾಯಿ 8 ಆಣೆ. ಮುಖ್ತಾರನಿಗೆ ತಿಂಗಳು ತಿಂಗಳು ಬಡ್ಡಿ, ಅದರ ಮೇಲೆ ಅಸಲಿನ ಕಂತು. 1860ರಲ್ಲಿ ಸರಕಾರ ಹೊಸದಾಗಿ ಹೇರಿದ ಆದಾಯ ತೆರಿಗೆ ಬೇರೆ, ಚೌಕಿದಾರನ ತೆರಿಗೆ ಬೇರೆ. ಹೆಂಡತಿ, ಇಬ್ಬರು ಮಕ್ಕಳು, ಸೇವಕರು. ದಿನನಿತ್ಯದ ಖರ್ಚು ನಿಂತುಹೋಗುವ ಸ್ಥಿತಿ ಬಂತು. ಎಲ್ಲಿಂದ ಉಳಿಸುವುದೆಂದು ಮಿರ್ಝಾ ಕುಳಿತು ಯೋಚಿಸಿದರು. ಅರುವತ್ತು ದಾಟಿದ ಮೇಲೆ ಆ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡರು!

ಅವರು ಕತ್ತರಿ ಹಾಕಿದ್ದು ಎಲ್ಲಿಗೆ ಗೊತ್ತೇ? ಬೆಳಗಿನ ಹೊತ್ತು ದೇಹಕ್ಕೆ ತಂಪೆಂದು ಕುಡಿಯುತ್ತಿದ್ದ ತಬ್ರೀದ್ ಎಂಬ ಪಾನೀಯ ನಿಂತಿತು. ಮಧ್ಯಾಹ್ನದ ಊಟದ ಮಾಂಸ ಅರ್ಧವಾಯಿತು. ರಾತ್ರಿಯ ಮದ್ಯ ಮತ್ತು ಅದಕ್ಕೆ ಬೆರೆಸುವ ಗುಲಾಬಿ ನೀರು ಪೂರ್ತಿ ನಿಂತಿತು. ಮೂರೂ ಅವರದೇ ಖರ್ಚುಗಳು. ಝನಾನಾದ ಖರ್ಚಿಗೆ ಕೈ ಹಾಕಲಿಲ್ಲ, ಮಕ್ಕಳ ಖರ್ಚಿಗೆ ಕೈ ಹಾಕಲಿಲ್ಲ, ಸೇವಕರನ್ನು ಬಿಡಿಸಲಿಲ್ಲ. ತಿಂಗಳಿಗೆ 20-22 ರೂಪಾಯಿ ಉಳಿಯಿತು. ಅಂದರೆ ವರಮಾನದಲ್ಲಿ ಎಂಟರಲ್ಲೊಂದು ಪಾಲು. ನಿಂತಿದ್ದ ದಿನದ ಖರ್ಚು ಮತ್ತೆ ನಡೆಯಿತು.

ಒಮ್ಮೆ ಆಲೋಚಿಸಿ. ಐವತ್ತು ವರ್ಷ ಅವರು ಸಾಲ ತೀರಿಸುವ ದಾರಿಯನ್ನು ಕಲ್ಕತ್ತಾದಲ್ಲಿ ಹುಡುಕಿದರು, ಬಾದಶಹಾರ ಕೋಟೆಯಲ್ಲಿ ಹುಡುಕಿದರು, ಜೂಜಿನ ಹಾಸಿನ ಮೇಲೂ ಹುಡುಕಿದರು. ಅದು ಅವರ ತಟ್ಟೆಯಲ್ಲಿಯೂ ಲೋಟದಲ್ಲಿಯೂ ಇತ್ತು. ಆ ಲೋಟವನ್ನು ಒಪ್ಪದೆ ಪಾತ್ರೆ ಬೇರೆ ಮಾಡಿಕೊಂಡಿದ್ದ ಹೆಂಡತಿ ಅದೇ ಮನೆಯ ಇನ್ನೊಂದು ಅಂಗಳದಲ್ಲಿದ್ದರು.

ಮಿತ್ರರು ಕೇಳಿದರು, ಹೀಗೆ ಎಷ್ಟು ದಿನ? ಆತನು ಕುಡಿಸುವವರೆಗೆ ಕುಡಿಯುವುದಿಲ್ಲ, ಆತನು ಬದುಕಿಸಿದಂತೆ ಬದುಕುತ್ತೇನೆ ಎಂಬರ್ಥದ ಉತ್ತರ ಕೊಟ್ಟರು. ಎಷ್ಟು ದಿನ ನಡೆಯಿತು ಗೊತ್ತೇ? ಒಂದು ತಿಂಗಳೂ ತುಂಬಲಿಲ್ಲ. ರಾಂಪುರದಿಂದ ನಿಗದಿತ ಮೊತ್ತದ ಹೊರತಾಗಿ ಬೇರೆ ಹಣ ಬಂತು. ಕಂತಿನ ಸಾಲ ಪೂರ್ತಿ ತೀರಿತು. ಚಿಲ್ಲರೆ ಸಾಲಗಳು ಉಳಿದವು. ಉಳಿದರೆ ಉಳಿಯಲಿ ಎಂದರು. ತಬ್ರೀದ್ ಮತ್ತೆ ಆರಂಭ, ಮದ್ಯ ಮತ್ತೆ ಆರಂಭ, ಮಾಂಸ ಮೊದಲಿನಷ್ಟೇ ಬರತೊಡಗಿತು. ಇದೆಲ್ಲವನ್ನೂ ಅವರು ಲೋಹಾರು ಮನೆತನದ ಅಲಾವುದ್ದೀನ್ ಖಾನರಿಗೆ ಬರೆದು ತಿಳಿಸಿದರು, ಏಕೆಂದರೆ ಕುಡಿತ ನಿಂತದ್ದೇಕೆ, ಮತ್ತೆ ಶುರುವಾದದ್ದೇಕೆ ಎಂದು ಬಂಧುಗಳಲ್ಲಿ ಸುದ್ದಿಯಾಗಿತ್ತು.

ಇದನ್ನು ಓದಿ ಕೆಲವರು ನಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ನನಗೆ ವ್ಯಥೆಯಾಗುತ್ತದೆ. ಕಂತಿನ ಸಾಲ ತೀರಿದ ನಂತರ ಆ 20-22 ರೂಪಾಯಿಯನ್ನು ಚಿಲ್ಲರೆ ಸಾಲಗಳಿಗೆ ತಿರುಗಿಸಿದ್ದರೆ ಕೆಲವು ವರ್ಷಗಳಲ್ಲಿ ಅವರು ಋಣಮುಕ್ತರಾಗುತ್ತಿದ್ದರು. ಹೆಚ್ಚೇನೂ ಬೇಕಾಗಿರಲಿಲ್ಲ. ಮದ್ಯವನ್ನು ಬಿಡಲು ಅವರಿಗೆ ಸಾಧ್ಯ ಎಂಬುದೂ ಆ ತಿಂಗಳಲ್ಲಿ ರುಜುವಾತಾಗಿತ್ತು. ಅಲ್ಲಾಹನ ಆಜ್ಞೆಗಾಗಿ ಬಿಡದ್ದನ್ನು ಸಾಹುಕಾರನ ಕಂತಿಗಾಗಿ ಬಿಟ್ಟಿದ್ದರು. ಕಂತು ಮುಗಿದಾಗ ಬಿಡುವ ಕಾರಣವೂ ಮುಗಿಯಿತು.

ಆದರೆ ಅವರನ್ನು ಕೇವಲ ದುಂದುಗಾರ ಎಂದು ತಳ್ಳಿಹಾಕುವುದು ಅನ್ಯಾಯ. ತಮ್ಮ ಬಾಗಿಲಿಗೆ ಬಂದ ಕುರುಡ, ಕುಂಟ, ಭಿಕ್ಷುಕರನ್ನು ಅವರು ಬರಿಗೈಯಲ್ಲಿ ಕಳುಹಿಸುತ್ತಿರಲಿಲ್ಲ. ಶಕ್ತಿ ಮೀರಿ ಕೊಡುವುದರಿಂದಲೇ ಅವರಿಗೆ ಇಕ್ಕಟ್ಟು ಬರುತ್ತಿತ್ತೆಂದು ಹಾಲಿ ಬರೆಯುತ್ತಾರೆ. ದಂಗೆಯ ನಂತರ ಬಡವರಾಗಿದ್ದ ಒಬ್ಬ ಹಳೆಯ ಸರದಾರರು ಅಗ್ಗದ ಛೀಟಿನ ಬಟ್ಟೆಯ ಮೇಲಂಗಿ ತೊಟ್ಟು ಬಂದಿದ್ದರು. ಮಿರ್ಝಾ ಆ ಛೀಟನ್ನು ಬಾಯಿ ತುಂಬ ಹೊಗಳಿ, ತಮಗೆ ಅದೇ ಬೇಕೆಂದು ಕೇಳಿ ತೆಗೆದುಕೊಂಡು, ಚಳಿಗೆಂದು ತಮ್ಮ ಹೊಸ ಉಣ್ಣೆಯ ಚೋಗಾವನ್ನು ಅವರಿಗೆ ತೊಡಿಸಿ ಕಳುಹಿಸಿದರು. ಕೊಟ್ಟದ್ದು ತಿಳಿಯದಂತೆ ಕೊಡುವ ಈ ಗುಣವನ್ನು ನಾವು ಮೆಚ್ಚಲೇಬೇಕು. ಸಾಲ ಕೊಟ್ಟವನ ಹಕ್ಕು ಬಾಕಿಯಿರುವಾಗ ದಾನ ಮಾಡಬಹುದೇ ಎಂಬ ಪ್ರಶ್ನೆ ಬೇರೆ. ಅದನ್ನು ಫಿಕ್ಹ್ ಬಲ್ಲ ಉಲಮಾಗಳು ಹೇಳಲಿ.

1865ರಲ್ಲಿ ನವಾಬ ಯೂಸುಫ್ ಅಲಿ ಖಾನ್ ತೀರಿಕೊಂಡು ಮಗ ಕಲ್ಬ್ ಅಲಿ ಖಾನ್ ಪಟ್ಟಕ್ಕೆ ಬಂದರು. 100 ರೂಪಾಯಿ ಮುಂದುವರಿಯಿತು. ಮಿರ್ಝಾರ ಕಿವಿ ಮಂದವಾಯಿತು, ಕಣ್ಣು ಮಂದವಾಯಿತು, ಕೈ ನಡುಗಿ ಪತ್ರಗಳನ್ನು ಇತರರಿಂದ ಬರೆಸಬೇಕಾಯಿತು. ಕೊನೆಯ ತಿಂಗಳುಗಳ ಆ ಪತ್ರಗಳಲ್ಲಿ ಒಂದೇ ಚಿಂತೆ ಮತ್ತೆ ಮತ್ತೆ ಬರುತ್ತದೆ. ಸುಮಾರು 800 ರೂಪಾಯಿ ಸಾಲ ಉಳಿದಿದೆ, ಅದರ ಹೊರೆಯೊಂದಿಗೆ ಮರಣ ಹೊಂದಲು ಮನಸ್ಸಿಲ್ಲ, ನವಾಬರು ಅದನ್ನು ತೀರಿಸಿಕೊಡಬೇಕು. ಒಂದು ಕಾಲದಲ್ಲಿ ಹತ್ತಾರು ಸಾವಿರದ ಸಾಲವನ್ನು ನಗುತ್ತಾ ಹೊತ್ತವರಿಗೆ ಈಗ 800 ಭಾರವಾಗಿತ್ತು. ಸಾಲ ಉಳಿಸಿ ಹೋದವನ ಜನಾಝಾ ತಂದಾಗ ಪ್ರವಾದಿ(ಸ)ರು ತಾವು ನಮಾಝ್ ನಿರ್ವಹಿಸದೆ ಹಿಂದೆ ಸರಿದದ್ದು, ಅಬೂ ಕತಾದಾ(ರ) ಆ ಸಾಲದ ಹೊಣೆ ಹೊತ್ತ ನಂತರವೇ ಮುಂದೆ ಬಂದದ್ದು ಮುಸ್ಲಿಮರ ಮನೆಯಲ್ಲಿ ಬೆಳೆದ ಯಾರಿಗೆ ಗೊತ್ತಿಲ್ಲ? ಮಿರ್ಝಾರಿಗೂ ಗೊತ್ತಿತ್ತು.

1869ರ ಫೆಬ್ರವರಿ 15ರಂದು ಅವರು ಇಹಲೋಕ ತ್ಯಜಿಸಿದರು. ಸಾಲ ಉಳಿದಿತ್ತು.

ಆ ನಂತರ ಉಮ್ರಾವ್ ಬೇಗಂ ರಾಂಪುರದ ನವಾಬರಿಗೆ ಅರ್ಜಿ ಬರೆಸಿದರು. ಗಂಡನ ಆ 800 ರೂಪಾಯಿ ಸಾಲ ತೀರಿ, ಆತನ ಆತ್ಮಕ್ಕೆ ಬಿಡುಗಡೆಯಾಗಬೇಕು ಎಂಬುದು ಅದರ ಮುಖ್ಯ ಬೇಡಿಕೆ. 58 ವರ್ಷ ಅವರ ಪಾತ್ರೆಯನ್ನು ಮುಟ್ಟದವರು ಅವರ ಸಾಲವನ್ನು ತನ್ನದೆಂದು ಹೊತ್ತುಕೊಂಡರು. ಅದನ್ನು ಮಾಡಿದ ಕೈಗಳು ಯಾರ ಮುಂದೆಯೂ ಸಾಲಪತ್ರಕ್ಕೆ ಮೊಹರು ಒತ್ತಿರಲಿಲ್ಲ. ಆ ಮದ್ಯದಲ್ಲಿ ಆಕೆಯ ಪಾಲಿರಲಿಲ್ಲ, ಜೂಜಿನಲ್ಲಿ ಇರಲಿಲ್ಲ, ಕಲ್ಕತ್ತಾದ ಖರ್ಚಿನಲ್ಲಿ ಇರಲಿಲ್ಲ.

ಮಿರ್ಝಾ ತೀರಿಕೊಂಡದ್ದು ಹಿಜರಿ 1285ರ ಝುಲ್‌ಕಅದ 2ರಂದು. ಮರುವರ್ಷ, 1286ರ ಝುಲ್‌ಕಅದ 2ರಂದು, ಸರಿಯಾಗಿ ಅದೇ ದಿನ ಬೇಗಂ ಕೂಡಾ ತೀರಿಕೊಂಡರು. ದೆಹಲಿಯ ನಿಝಾಮುದ್ದೀನಿನಲ್ಲಿ, ಚೌಸಠ್ ಖಂಬಾದ ಪಕ್ಕದ ಆವರಣದಲ್ಲಿ ಮಿರ್ಝಾರ ಕಬರ್ ಇದೆ. ಕವಿಯ ಕಬರ್ ನೋಡಲು ದೇಶ ವಿದೇಶಗಳಿಂದ ಜನ ಬರುತ್ತಾರೆ. ನೀವು ಎಂದಾದರೂ ಅಲ್ಲಿಗೆ ಹೋದರೆ ಅದೇ ಆವರಣದಲ್ಲಿರುವ ಬೇಗಂರ ಕಬರಿನ ಬಳಿಯೂ ನಿಂತು ಒಂದು ಫಾತಿಹಾ ಓದಿ.